ಬದಲಾದದ್ದು ಕಲ್ಲೋ, ಬೆಳಕೋ?

(ಬಸವನಗುಡಿಯ ಸಭಾಂಗಣವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಕೆಲವೆಡೆ ವಿವರಣೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋಗಿ ಬಂದವರು ಇಲ್ಲಿ ಬಹಳ ಜನ ಇದ್ದೀರಿ. ಬೆಂಗಳೂರಿನಲ್ಲಿ ನಡೆದ ಕಾಳೆಗವನ್ನು ಹೇಳುವ, ಸುಮಾರು 890ರ ಶಾಸನ ಅಲ್ಲಿದೆ. ಅದರ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಬಹುದು. ಹತ್ತು ವರ್ಷದ ಹಿಂದೆ ತೆಗೆದದ್ದೊಂದು, ಮೊನ್ನೆ ತೆಗೆದದ್ದೊಂದು ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಅಕ್ಷರ ಕೆತ್ತಿದಂತೆ ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಮಸುಕು. ಕೂಡಲೇ "ಅಯ್ಯೋ, ಸವೆದುಹೋಯಿತಲ್ಲ" ಎನ್ನುತ್ತೇವೆ. ಪತ್ರಿಕೆಗೆ ಪತ್ರ ಬರೆಯುವವರೂ ಉಂಟು.

ಸವೆದಿರಲೂಬಹುದು. ಆದರೆ ಆ ಎರಡು ಫೋಟೋಗಳಿಂದ ಹಾಗೆಂದು ಹೇಳಲು ಬರುವುದಿಲ್ಲ. ಸ್ವಲ್ಪ ಲೆಕ್ಕ ಹಾಕೋಣ. ಕಲ್ಲಿನ ಮೇಲೆ ಎರಡು ಮಿಲಿಮೀಟರ್ ಎತ್ತರದ ಒಂದು ಉಬ್ಬು ಅಂಚು ಇದೆ ಎಂದುಕೊಳ್ಳಿ. ಬೆಳಕು ಮೇಲ್ಮೈಗೆ 10 ಡಿಗ್ರಿ ಓರೆಯಲ್ಲಿ ಬಿದ್ದರೆ ಆ ಅಂಚಿನ ನೆರಳು ಸುಮಾರು 11 ಮಿಲಿಮೀಟರ್ ಉದ್ದ ಬೀಳುತ್ತದೆ. 15 ಡಿಗ್ರಿಯಾದರೆ ಏಳೂವರೆ ಮಿಲಿಮೀಟರ್. 80 ಡಿಗ್ರಿಯಾದರೆ ಅರ್ಧ ಮಿಲಿಮೀಟರೂ ಇಲ್ಲ, ಅಂದರೆ ಕಣ್ಣಿಗೆ ನೆರಳೇ ಇಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೆಲದ ಮೇಲೆ ಮಲಗಿಸಿಟ್ಟ ಶಾಸನದ ಕಲ್ಲನ್ನು ಬೆಳಗ್ಗೆ ಸೂರ್ಯ 10 ಡಿಗ್ರಿ ಮೇಲೇರಿದ ಹೊತ್ತು ನೀವೊಬ್ಬರು ತೆಗೆದು, ಕಾಫಿ ಕುಡಿದು ಬಂದ ನಿಮ್ಮ ಸ್ನೇಹಿತರು ಇಪ್ಪತ್ತು ನಿಮಿಷ ತಡವಾಗಿ ತೆಗೆದರೆ, ಅಷ್ಟರಲ್ಲಿ ನೆರಳು ಮೂರನೆಯ ಒಂದು ಭಾಗ ಮೋಟಾಗಿರುತ್ತದೆ. ಚಿತ್ರದಲ್ಲಿ ಅಕ್ಷರ 'ಸವೆದಿದೆ'. ಕಲ್ಲಿಗೆ ಏನೂ ಆಗಿಲ್ಲ.

ಇಂದಿನ ಮಾತಿನ ತಿರುಳು ಇಷ್ಟೇ. ಹಳೆಯ ವಸ್ತುವಿನ ಮೇಲ್ಮೈ ಬದಲಾಗುತ್ತಿದೆಯೇ ಎಂದು ತಿಳಿಯಲು ಒಂದು ಅದ್ಭುತ ಚಿತ್ರ ಸಾಲದು. ಒಂದಕ್ಕೊಂದು ಹೋಲಿಸಬಹುದಾದ ಎರಡು ಚಿತ್ರಗಳು ಬೇಕು, ಅವುಗಳ ನಡುವೆ ಕಾಲ ಬೇಕು. ನಮ್ಮಲ್ಲಿ ಮೊದಲ ಚಿತ್ರಕ್ಕೆ ಹಣ, ಹಾರ, ಉದ್ಘಾಟನೆ ಎಲ್ಲ ಉಂಟು. ಎರಡನೆಯದಕ್ಕೆ ಯಾರೂ ಬಜೆಟ್ ಇಟ್ಟಿರುವುದಿಲ್ಲ.

ನಗರದ ಅಂಚಿನ ಊರೊಂದರಲ್ಲಿ, ಅರಳಿಕಟ್ಟೆಯ ಪಕ್ಕದ ವೀರಗಲ್ಲೊಂದನ್ನು ಎರಡನೆಯ ಸಲ ಚಿತ್ರೀಕರಿಸಲು ಹೋಗಿದ್ದಾಗ ಎದುರು ಮನೆಯ ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. ನಾವು ಟ್ರೈಪಾಡ್ ಹೂಡುವುದನ್ನೆಲ್ಲ ನೋಡಿ, ಕೊನೆಗೆ ಕನಿಕರದಿಂದ ಕೇಳಿದರು: "ಹೋದ ವರ್ಷವೂ ಬಂದು ತೆಗೆದುಕೊಂಡು ಹೋದಿರಲ್ಲಪ್ಪ, ಅದು ಸರಿಯಾಗಿ ಬರಲಿಲ್ಲವೇ?"

ಅನುದಾನ ಕೊಡುವ ಸಮಿತಿಗಳಲ್ಲೂ ಇದೇ ಪ್ರಶ್ನೆ ಬರುತ್ತದೆ, ಕನಿಕರ ಮಾತ್ರ ಇರುವುದಿಲ್ಲ. "ಈಗಾಗಲೇ ಸ್ಕ್ಯಾನ್ ಆಗಿದೆಯಲ್ಲ?" ಆಗಿದೆ ಸ್ವಾಮಿ. ಆದ್ದರಿಂದಲೇ ಮತ್ತೊಮ್ಮೆ ಮಾಡಬೇಕು.

ಮೊದಲ ಚಿತ್ರದ ವಿಷಯದಲ್ಲಿ ನಾವು ಬಡವರಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಅದರಲ್ಲಿ ಅಚ್ಚಾದ ಪಾಠದಲ್ಲಿರುವ ಅಕ್ಷರ ಇಂದು ಕಲ್ಲಿನ ಮೇಲೆ ಕಾಣದಿದ್ದರೆ ಅದೂ ಬದಲಾವಣೆಯ ಒಂದು ಸುಳಿವೇ. ಪೂರ್ತಿ ನಂಬುವ ಹಾಗಿಲ್ಲ, ಏಕೆಂದರೆ ಓದುವವರು ಅರ್ಧ ಅಕ್ಷರವನ್ನು ಊಹಿಸಿ ತುಂಬಿರುತ್ತಾರೆ. ಅದಕ್ಕಿಂತ ಗಟ್ಟಿ ಸಾಕ್ಷಿ ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತಿ ತೆಗೆಯುವ ಆ ಪ್ರತಿಗೆ ಸೂರ್ಯ ಎಲ್ಲಿದ್ದಾನೆ ಎಂಬ ಚಿಂತೆಯಿಲ್ಲ. ಅಳತೆಯೂ ಕಲ್ಲಿನದೇ, ಒಣಗಿದಾಗ ಕಾಗದ ತುಸು ಕುಗ್ಗುತ್ತದೆ ಎಂಬುದನ್ನು ಮರೆಯಬಾರದು ಅಷ್ಟೆ. ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದಲ್ಲಿ ಇಂಥ ಪಡಿಯಚ್ಚುಗಳ ದೊಡ್ಡ ಭಂಡಾರವೇ ಇದೆ. ಅವನ್ನು ಓದಲು ಬಳಸುತ್ತೇವೆಯೇ ಹೊರತು ಕಲ್ಲಿನ ಆರೋಗ್ಯದ ದಾಖಲೆಯೆಂದು ಬಳಸುವುದು ಕಡಿಮೆ. ಇದು ನನಗೆ ಸದಾ ಕೊರೆಯುವ ಸಂಗತಿ. ಆದರೆ ಹಕ್ಕಳೆ ಏಳುತ್ತಿರುವ ಕಲ್ಲಿಗೆ ಪಡಿಯಚ್ಚು ಸಲ್ಲದು. ಬಡಿದ ಏಟಿಗೆ, ಎಳೆದ ಕಾಗದಕ್ಕೆ ಪದರವೇ ಕಿತ್ತು ಬಂದೀತು.

ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯುವುದಕ್ಕೆ ಹಂಪಿಗಿಂತ ಒಳ್ಳೆಯ ಉದಾಹರಣೆ ಬೇಡ. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಆತ ನಿಂತ ಜಾಗಗಳನ್ನೇ ಹುಡುಕಿ ಅದೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಜೊತೆಗಿಟ್ಟಾಗ ಯಾವ ಗೋಪುರದ ಗಾರೆ ಉದುರಿದೆ, ಯಾವ ಕಂಬ ಕಾಣೆಯಾಗಿದೆ, ಎಲ್ಲಿ ದುರಸ್ತಿಯಾಗಿದೆ ಎಂಬುದು ತಾನಾಗಿ ತೆರೆದುಕೊಳ್ಳುತ್ತದೆ. ಗ್ರೀನ್‌ಲಾನಿಗೆ ತನ್ನ ಚಿತ್ರ ಯಾವುದಕ್ಕೋ ಅಳತೆಗೋಲಾಗುತ್ತದೆ ಎಂಬ ಕಲ್ಪನೆ ಇದ್ದಿರಲಾರದು. ನಮಗೆ ಆ ಕಲ್ಪನೆ ಇದೆ. ಆದರೂ ನಾವು ತೆಗೆಯುವ ಫೋಟೋದಲ್ಲಿ ಅಳತೆಪಟ್ಟಿ ಇರುವುದಿಲ್ಲ.

ಇನ್ನು ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಅಜ್ಜಿಯ ಮನೆಯೆದುರಿನ ಅದೇ ವೀರಗಲ್ಲು. ಎದೆಯೆತ್ತರದ ಗ್ರಾನೈಟ್ ಚಪ್ಪಡಿ, ಮೂರು ಪಟ್ಟಿ ಶಿಲ್ಪ, ನಡುವೆ ಎರಡು ಸಾಲು ಬರಹ. ಸೂರ್ಯನ ಮೇಲೆ ಭರವಸೆ ಇಡುವ ಹಾಗಿಲ್ಲವಾದ್ದರಿಂದ ಕತ್ತಲಾದ ಮೇಲೆ ಹೋಗುತ್ತೇವೆ, ಅಥವಾ ಕಪ್ಪು ಬಟ್ಟೆಯ ಚಪ್ಪರ ಹಾಕುತ್ತೇವೆ. ಕ್ಯಾಮೆರಾವನ್ನು ಕಲ್ಲಿಗೆ ನೇರವಾಗಿ, ಟ್ರೈಪಾಡಿನ ಮೇಲೆ ಬಿಗಿಯಾಗಿ ನಿಲ್ಲಿಸಿದರೆ ಆಯಿತು, ಆಮೇಲೆ ಅದನ್ನು ಮುಟ್ಟುವುದಿಲ್ಲ. ಕಲ್ಲಿನ ಪಕ್ಕದಲ್ಲಿ, ಚೌಕಟ್ಟಿನೊಳಗೆ ಬರುವಂತೆ, ಹೊಳೆಯುವ ಕಪ್ಪು ಗೋಲಗಳೆರಡನ್ನು ಇಡುತ್ತೇವೆ. ಬಿಲಿಯರ್ಡ್ಸ್ ಚೆಂಡು ಇದಕ್ಕೆ ಚೆನ್ನಾಗಿ ಒದಗುತ್ತದೆ. ಒಬ್ಬರು ಕೈಯಲ್ಲಿ ಫ್ಲ್ಯಾಶ್ ಹಿಡಿದು, ಕಲ್ಲಿನ ಅಗಲದ ಮೂರು ನಾಲ್ಕು ಪಟ್ಟು ದೂರದಲ್ಲಿ, ಗುಮ್ಮಟದ ಒಳಮೈ ಮೇಲೆ ನಡೆದಂತೆ ಒಂದೊಂದೇ ಸ್ಥಾನಕ್ಕೆ ಹೋಗುತ್ತಾರೆ. ದೂರ ಹೆಚ್ಚುಕಡಿಮೆ ಆಗದಿರಲು ಫ್ಲ್ಯಾಶಿಗೆ ದಾರ ಕಟ್ಟಿರುತ್ತೇವೆ. ದಾರದ ಇನ್ನೊಂದು ತುದಿಯನ್ನು ಇನ್ನೊಬ್ಬರು ಕಲ್ಲಿನ ಮಧ್ಯಕ್ಕೆ ತಂದು, ಮುಟ್ಟಿಸದೆ ಹಿಡಿದು, ದೂರ ಸರಿಯಾಯಿತೆಂದಾಗ ಬಿಡುತ್ತಾರೆ, ಕ್ಲಿಕ್. ಹೀಗೆ ನಲವತ್ತರಿಂದ ಅರವತ್ತು ಚಿತ್ರ. ಎಲ್ಲದರಲ್ಲೂ ಕಲ್ಲು ಒಂದೇ ಕಡೆ, ಬೆಳಕು ಮಾತ್ರ ಬೇರೆ ಬೇರೆ ದಿಕ್ಕಿನಿಂದ.

ಗೋಲದ ಕೆಲಸ ಏನು? ಫ್ಲ್ಯಾಶ್ ಬೆಳಗಿದಾಗ ಅದರ ಮೇಲೆ ಒಂದು ಬಿಳಿ ಚುಕ್ಕೆ ಮೂಡುತ್ತದೆ. ಚುಕ್ಕೆ ಎಲ್ಲಿದೆ ಎಂಬುದರಿಂದ ಬೆಳಕು ಯಾವ ದಿಕ್ಕಿನಿಂದ ಬಂತೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಪ್ರತಿಯೊಂದು ಪಿಕ್ಸೆಲ್‌ಗೂ, ಯಾವ ದಿಕ್ಕಿನ ಬೆಳಕಿಗೆ ಅದು ಎಷ್ಟು ಹೊಳೆಯುತ್ತದೆ ಎಂಬ ಒಂದು ಸಣ್ಣ ಸೂತ್ರವನ್ನು ಹೊಂದಿಸುತ್ತದೆ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಮುಂದಿಟ್ಟ ವಿಧಾನ ಇದು. ಅವರ ಸೂತ್ರದಲ್ಲಿ ಪಿಕ್ಸೆಲ್‌ಗೆ ಆರು ಗುಣಾಂಕ. ಇದರ ಇಂದಿನ ರೂಪಗಳನ್ನೆಲ್ಲ ಸೇರಿಸಿ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಷನ್ ಇಮೇಜಿಂಗ್) ಎನ್ನುತ್ತಾರೆ. ಗ್ರೀಸಿನ ಸಮುದ್ರದಲ್ಲಿ ಮುಳುಗಿದ್ದ ಹಡಗಿನಿಂದ ಸಿಕ್ಕ ಆಂಟಿಕಿಥೆರಾ ಯಂತ್ರದ ತುಕ್ಕು ಹಿಡಿದ ಕಂಚಿನ ಮೇಲಿನ ಬರಹವನ್ನು ಓದಲು 2005ರಲ್ಲಿ ಎಕ್ಸ್‌ರೇ ಜೊತೆಗೆ ಇದನ್ನೂ ಬಳಸಿದರು.

ಮನೆಗೆ ಬಂದು ಕಡತವನ್ನು ತೆರೆದರೆ, ಮೌಸ್ ಸರಿಸಿದ ಕಡೆಗೆ ಬೆಳಕು ಸರಿಯುತ್ತದೆ. ಬಣ್ಣವನ್ನು ತೆಗೆದುಹಾಕಿ ಬರಿಯ ಹೊಳಪಿನಲ್ಲಿ ನೋಡುವ ಅನುಕೂಲವೂ ಇದೆ. ಆ ವೀರಗಲ್ಲಿನ ಮೇಲೆ ತಲೆಮಾರುಗಳ ಎಣ್ಣೆ, ಕುಂಕುಮ, ಯಾರೋ ಹುಮ್ಮಸ್ಸಿನಿಂದ ಬಳಿದ ಸುಣ್ಣ ಎಲ್ಲ ಇತ್ತು. ಬಣ್ಣ ಕಳೆದು ನೋಡಿದಾಗ ಬರಹದ ಎರಡನೆಯ ಸಾಲಿನ ಕೊನೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕೊಂದು ಓಡಿರುವುದು ಕಂಡಿತು. ಒಂದು ಅಕ್ಷರದ ಕೊಂಬನ್ನು ಸೀಳಿಕೊಂಡು ಹೋಗಿದೆ. ಬರಿಗಣ್ಣಿಗೆ, ಹಗಲಿನಲ್ಲಿ, ಅದು ಎಣ್ಣೆಯ ಕರೆಯ ಅಂಚಿನ ಹಾಗಿತ್ತು. ಹಿಂದಿನ ವರ್ಷದ ಕಡತದಲ್ಲಿ ಅದೇ ಜಾಗಕ್ಕೆ ಅದೇ ದಿಕ್ಕಿನ ಬೆಳಕು ಕೊಟ್ಟು ನೋಡಿದೆವು. ಬಿರುಕು ಆಗಲೂ ಇತ್ತು, ತುದಿ ಅಲ್ಲೇ ನಿಂತಿತ್ತು. ಬೆಳೆದಿಲ್ಲ ಎಂಬುದು ಕೂಡ ಒಂದು ಫಲಿತಾಂಶ. ನಮ್ಮ ಕೆಲಸದ ಬಹುಪಾಲು ಇಂಥ ಸಪ್ಪೆ ಸುದ್ದಿಯೇ, ನಾನು ಅದನ್ನು ಸಂತೋಷದಿಂದ ಬರೆದುಕೊಳ್ಳುತ್ತೇನೆ.

ಶಾಸನ ಓದಲೆಂದು ಸೀಮೆಸುಣ್ಣ ಉಜ್ಜುವುದು, ಮೈದಾಹಿಟ್ಟು ಬಳಿಯುವುದು, ಅಕ್ಷರಕ್ಕೆ ಬಿಳಿ ಪೇಂಟು ತುಂಬುವುದು ಇವೆಲ್ಲ ಇನ್ನು ಬೇಡ ಎನ್ನಲು ಈ ವಿಧಾನವೊಂದೇ ಸಾಕು. ಪೇಂಟು ತುಂಬಿದವರು ತಮಗೆ ಕಂಡ ಅಕ್ಷರವನ್ನು ತುಂಬಿರುತ್ತಾರೆ. ಮುಂದೆ ಬರುವವರು ಕಲ್ಲನ್ನು ಓದುವುದಿಲ್ಲ, ಪೇಂಟನ್ನು ಓದುತ್ತಾರೆ.

ಆದರೆ ಆರ್‌ಟಿಐ ಆಳವನ್ನು ಅಳೆಯುವುದಿಲ್ಲ. ಮೇಲ್ಮೈ ಯಾವ ಕಡೆಗೆ ವಾಲಿದೆ ಎಂದು ಹೇಳುತ್ತದೆ, ಎಷ್ಟು ಮಿಲಿಮೀಟರ್ ತಗ್ಗು ಎಂದು ಹೇಳುವುದಿಲ್ಲ. ಅದಕ್ಕೆ ಮೂರು ಆಯಾಮದ ಅಳತೆ ಬೇಕು. ಒಂದೋ ಸ್ಕ್ಯಾನರ್, ಇಲ್ಲವೇ ಹಲವು ಕೋನಗಳಿಂದ ತೆಗೆದ ಫೋಟೋಗಳನ್ನು ಹೆಣೆದು ಆಕಾರ ಕಟ್ಟುವ ಫೋಟೋಗ್ರಾಮೆಟ್ರಿ. ಈ ಎರಡನೆಯದು ಹೊಸ ವಿದ್ಯೆಯಲ್ಲ. 1858ರಲ್ಲಿ ಜರ್ಮನಿಯ ವೆಟ್ಸ್ಲಾರ್ ಎಂಬ ಊರಿನ ದೊಡ್ಡ ಚರ್ಚನ್ನು ಅಳೆಯುತ್ತಿದ್ದ ಆಲ್ಬ್ರೆಖ್ಟ್ ಮೈಡನ್‌ಬಾವರ್ ಎಂಬ ಯುವಕ ಮೇಲಿನಿಂದ ಬೀಳುವುದರಲ್ಲಿದ್ದ. ಹತ್ತಿ ಅಳೆಯುವ ಬದಲು ಫೋಟೋದಿಂದ ಅಳೆಯಬಾರದೇಕೆ ಎಂಬ ಯೋಚನೆ ಅವನಿಗೆ ಬಂದದ್ದು ಆ ಗಾಬರಿಯಲ್ಲಿ. ಬೆಂಗಳೂರಿನ ಶಾಸನಗಳ ಮಟ್ಟಿಗೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಯೋಜನೆ ನಡೆಸಿದ್ದಾರೆ. ಅದರ ಬೆಲೆ ಏನೆಂದು ನಮಗೆ ಪೂರ್ತಿ ಗೊತ್ತಾಗುವುದು ಯಾರಾದರೂ ಅದೇ ಕಲ್ಲುಗಳ ಮುಂದೆ ಮತ್ತೆ ನಿಂತಾಗ. ಹೆಬ್ಬಾಳದ ಕಿತ್ತಯ್ಯ ಎಂಬ ವೀರನ ಕಲ್ಲನ್ನೇ ತೆಗೆದುಕೊಳ್ಳಿ. ಸುಮಾರು 750ರದ್ದು. ಬಹುಕಾಲ ಬಯಲಿನಲ್ಲಿದ್ದು, ಈಗ ಮಂಟಪದ ನೆರಳಿಗೆ ಬಂದಿದೆ. ಮಳೆ ತಪ್ಪಿತು, ಗಾಳಿಯ ಓಟ ಬದಲಾಯಿತು, ಜನ ಹತ್ತಿರ ಬರುವ ರೀತಿ ಬದಲಾಯಿತು. ಕಲ್ಲಿನ ಪರಿಸರ ಹೀಗೆ ಮಗ್ಗುಲು ಬದಲಿಸಿದ ಹೊತ್ತಿನ ದಾಖಲೆ ಬಂಗಾರದಂಥದ್ದು.

ಇಲ್ಲಿ ಮತ್ತೆ ಲೆಕ್ಕ ಬರುತ್ತದೆ, ಸಹಿಸಿಕೊಳ್ಳಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಉದ್ದಕ್ಕೆ 6000 ಪಿಕ್ಸೆಲ್. ಆರಡಿ ಕಲ್ಲನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದರೆ ಒಂದು ಪಿಕ್ಸೆಲ್‌ಗೆ 0.3 ಮಿಲಿಮೀಟರ್. ಒಂದಡಿಯ ತುಂಡನ್ನಷ್ಟೇ ಹಿಡಿದರೆ 0.05. ಹಾಗಾಗಿ ಇಡೀ ಕಲ್ಲಿಗೊಂದು ಸಾಧಾರಣ ದಾಖಲೆ, ಆಯ್ದ ಎರಡು ಮೂರು ಜಾಗಕ್ಕೆ ಸೂಕ್ಷ್ಮ ದಾಖಲೆ ಎಂದು ಹಂಚಿಕೊಳ್ಳುವುದು ಜಾಣತನ. ಇನ್ನೊಂದು: ಪ್ರತಿ ಅಳತೆಯಲ್ಲೂ ತಪ್ಪಿಗೆ ಜಾಗವಿದೆ. ಕಂಪ್ಯೂಟರ್ ಕಟ್ಟಿದ ಒಂದೊಂದು ಮೂರು ಆಯಾಮದ ಮಾದರಿಯಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಇರಬಹುದಾದರೆ, ಎರಡನ್ನು ಕಳೆದು ನೋಡಿದಾಗ ಆ ತಪ್ಪು ಸುಮಾರು 0.7 ಮಿಲಿಮೀಟರ್ ಆಗುತ್ತದೆ. ಆಗ "0.3 ಮಿಲಿಮೀಟರ್ ಸವೆದಿದೆ" ಎಂದು ಕೆಂಪು ನೀಲಿ ಬಣ್ಣದ ನಕ್ಷೆ ತೋರಿಸಿದರೆ, ತೋರಿಸಿದ್ದು ಸವೆತವನ್ನಲ್ಲ, ಯಂತ್ರದ ಅಲುಗಾಟವನ್ನು.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಎರಡು ವರ್ಷದ ಎರಡು ಮಾದರಿಗಳನ್ನು ಹೋಲಿಸಬೇಕಾದರೆ ಮೊದಲು ಒಂದರ ಮೇಲೊಂದು ಕೂರಿಸಬೇಕಲ್ಲ. ತಂತ್ರಾಂಶಕ್ಕೆ ಬಿಟ್ಟರೆ ಅದು ಎರಡರ ನಡುವಿನ ವ್ಯತ್ಯಾಸ ಆದಷ್ಟು ಕಡಿಮೆಯಾಗುವಂತೆ ಕೂರಿಸುತ್ತದೆ. ಅದರ ಧರ್ಮವೇ ಅದು. ಇಡೀ ಮುಖ ಒಂದೇ ಸಮನಾಗಿ ಒಂದು ಮಿಲಿಮೀಟರ್ ಸವೆದಿದ್ದರೆ, ತಂತ್ರಾಂಶ ಹೊಸ ಮಾದರಿಯನ್ನು ಒಂದು ಮಿಲಿಮೀಟರ್ ಮುಂದೆ ತಂದು ಕೂರಿಸಿ "ಏನೂ ಬದಲಾಗಿಲ್ಲ" ಎಂದು ಹಸಿರು ನಿಶಾನೆ ತೋರಿಸುತ್ತದೆ. ನಾವು ಯಾವುದನ್ನು ಹುಡುಕಿಕೊಂಡು ಹೋಗಿದ್ದೆವೋ ಅದನ್ನೇ ಅದು ಒರೆಸಿಹಾಕಿರುತ್ತದೆ. ಆದ್ದರಿಂದ ಬದಲಾಗದ ಯಾವುದಾದರೊಂದು ನೆಲೆ ಚೌಕಟ್ಟಿನೊಳಗೆ ಇರಲೇಬೇಕು. ಹಿಂಬದಿಯ ಗೋಡೆ, ಪಕ್ಕದ ಬಂಡೆ, ಗಟ್ಟಿ ಪೀಠ, ಏನಾದರೂ ಸರಿ. ವರದಿಯಲ್ಲಿ ಎಷ್ಟು ಕೋಟಿ ಬಿಂದುಗಳಿವೆ ಎಂದು ಬರೆಯುತ್ತಾರೆ. ಯಾವುದನ್ನು ಅಚಲವೆಂದು ಹಿಡಿದರು ಎಂದು ಬರೆಯುವುದಿಲ್ಲ. ನಾನು ಮೊದಲು ಹುಡುಕುವುದು ಅದನ್ನೇ.

ಕಲ್ಲಿನಿಂದ ಚಿತ್ರಕಲೆಗೆ ಬರೋಣ. ಇಲ್ಲಿ ಸವೆತಕ್ಕಿಂತ ಬಣ್ಣದ ಪ್ರಶ್ನೆ ದೊಡ್ಡದು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯವರು ಇತರ ಸಂಸ್ಥೆಗಳ ಜೊತೆ 1989ರಲ್ಲಿ ವಸಾರಿ ಎಂಬ ಯೋಜನೆ ಆರಂಭಿಸಿದರು. ಡಿಜಿಟಲ್ ಕ್ಯಾಮೆರಾ ಜನರ ಕೈಗೆ ಬರುವುದಕ್ಕೆ ಎಷ್ಟೋ ಮುಂಚೆ, ವರ್ಣಚಿತ್ರವೊಂದರ ಬಣ್ಣ ವರ್ಷಗಳಲ್ಲಿ ಬದಲಾಗುತ್ತಿದೆಯೇ ಎಂದು ಅಂಕಿಗಳಲ್ಲಿ ಹಿಡಿಯುವುದು ಅದರ ಗುರಿಗಳಲ್ಲೊಂದು. ಫಿಲ್ಮ್ ಫೋಟೋದಿಂದ ಅದು ಸಾಧ್ಯವಿರಲಿಲ್ಲ, ಏಕೆಂದರೆ ಚಿತ್ರಕ್ಕಿಂತ ಮೊದಲು ಫಿಲ್ಮೇ ಮಾಸುತ್ತದೆ.

ಈ ಊರಿಗೆ ಅನ್ವಯಿಸಿ ಹೇಳುವುದಾದರೆ, ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ನೆನೆಯಿರಿ. ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕನಾಲ್ ಜಲವರ್ಣಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಮಂಜು ಎಂದರೆ ಕಾಗದದ ಮೇಲೆ ನೀರಿನಲ್ಲಿ ಕರಗಿದ ಚೂರು ಬಣ್ಣ. ಅಷ್ಟು ತೆಳು ಪದರದಲ್ಲಿ ಸ್ವಲ್ಪ ಹೋದರೂ ಹೋದದ್ದೇ. ಜಲವರ್ಣಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡ ಎಂಬುದು ವಸ್ತುಸಂಗ್ರಹಾಲಯಗಳು ಒಪ್ಪಿಕೊಂಡ ಮಿತಿ. ಮೋಡ ಮುಸುಕಿದ ಬೆಂಗಳೂರಿನ ಹಗಲಿನಲ್ಲಿ ಹೊರಗೆ ಹತ್ತು ಸಾವಿರ ಲಕ್ಸ್ ದಾಟುತ್ತದೆ. ಬೆಳಕಿನಿಂದ ಮಾಸಿದ ಬಣ್ಣವನ್ನು ಯಾವ ಸಂರಕ್ಷಕರೂ ಮರಳಿ ತರಲಾರರು. ಆದ್ದರಿಂದ ಮಾಸುತ್ತಿರುವುದು ಕಣ್ಣಿಗೆ ಕಾಣುವ ಮೊದಲೇ ತಿಳಿಯಬೇಕು.

ತಿಳಿಯುವುದು ಹೇಗೆ? ಬಣ್ಣಕ್ಕೆ ಮೂರು ಅಂಕಿಗಳ ವಿಳಾಸ ಕೊಟ್ಟು, ಎರಡು ವಿಳಾಸಗಳ ನಡುವಿನ ದೂರವನ್ನು ಡೆಲ್ಟಾ ಇ ಎನ್ನುತ್ತಾರೆ. ಅದು ಒಂದರ ಆಸುಪಾಸಿಗೆ ಬಂದರೆ ನುರಿತ ಕಣ್ಣು ಹಿಡಿಯಬಹುದು. ತೊಂದರೆ ಏನೆಂದರೆ ದೀಪ ಹಳತಾದರೆ, ಲೆನ್ಸ್ ಬದಲಾದರೆ, ಕೋಣೆಯ ಗೋಡೆಗೆ ಹೊಸ ಬಣ್ಣ ಹೊಡೆದರೆ ಕೂಡ ಈ ಅಂಕಿ ಅಷ್ಟು ಅಲುಗುತ್ತದೆ. ಅದಕ್ಕಾಗಿ ಪ್ರತಿ ಚಿತ್ರದಲ್ಲೂ 24 ಚೌಕಗಳ ಬಣ್ಣದ ಪಟ್ಟಿ ಇಡುತ್ತೇವೆ. ಆ ಪಟ್ಟಿಯೂ ಮಾಸುತ್ತದೆ ಎಂಬುದು ಎಷ್ಟು ಜನರಿಗೆ ಗೊತ್ತು? ಒಂದೆರಡು ವರ್ಷಕ್ಕೊಮ್ಮೆ ಹೊಸದು ಕೊಳ್ಳಬೇಕು, ಹಳೆಯದನ್ನು ಕತ್ತಲಲ್ಲಿ ಇಡಬೇಕು. ಬಿಸಿಲಿನ ಕಿಟಕಿಯಲ್ಲಿ ಒರಗಿಸಿಟ್ಟ ಬಣ್ಣದ ಪಟ್ಟಿಯನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮೈಸೂರು ಶೈಲಿಯ ಚಿತ್ರಗಳು ಇನ್ನೂ ತುಂಟವು. ಗೆಸ್ಸೋ ಎಂಬ ಲೇಪದ ಉಬ್ಬಿನ ಮೇಲೆ ಚಿನ್ನದ ರೇಕು. ಬೆಳಕನ್ನು ಕೊಂಚ ಸರಿಸಿದರೆ ಅದೇ ಚಿನ್ನ ಕಪ್ಪಿನಿಂದ ಬಿಳಿಗೆ ಜಿಗಿಯುತ್ತದೆ. ಬಣ್ಣದ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ದೀಪಕ್ಕೂ ಲೆನ್ಸಿಗೂ ಅಡ್ಡಡ್ಡವಾಗಿ ಪೋಲರೈಸರ್ (ಒಂದೇ ದಿಕ್ಕಿನ ಕಂಪನದ ಬೆಳಕನ್ನಷ್ಟೇ ಬಿಡುವ ಶೋಧಕ) ಹಾಕಿ ಹೊಳಪನ್ನು ಕೊಂದರೆ ಸುತ್ತಲಿನ ಬಣ್ಣ ನಿಖರವಾಗಿ ಸಿಗುತ್ತದೆ, ಆದರೆ ಚಿನ್ನ ಮಂಕು ಕಂದಾಗುತ್ತದೆ. ಹಾಗಾಗಿ ಒಂದೇ ಚಿತ್ರಕ್ಕೆ ಹಲವು ಬಗೆಯ ದಾಖಲೆ ಬೇಕು. ಬಣ್ಣಕ್ಕೆ ಪೋಲರೈಸರ್ ಹಾಕಿದ್ದು. ಗೆಸ್ಸೋ ಎದ್ದಿದೆಯೇ ಎಂದು ನೋಡಲು ಓರೆಬೆಳಕಿನದು, ಪ್ರತಿ ಸಲವೂ ಎಡಗಡೆಯಿಂದಲೇ, ಅದೇ ಕೋನದಲ್ಲಿ. ಕತ್ತಲೆಯಲ್ಲಿ ಅತಿನೇರಳೆ ದೀಪ ಹಾಕಿ ತೆಗೆದದ್ದು: ಹಳೆಯ ರಾಳದ ವಾರ್ನಿಷ್ ಹಸಿರಾಗಿ ಮಿನುಗುತ್ತದೆ, ಇತ್ತೀಚೆಗೆ ಯಾರೋ ತೇಪೆ ಹಾಕಿದ ಬಣ್ಣ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಮಾರಾಟಕ್ಕೆ ಮುಂಚೆ 'ಸ್ವಲ್ಪ ಟಚ್' ಕೊಡಿಸುವವರಿಗೆ ಈ ದೀಪ ಇಷ್ಟವಾಗುವುದಿಲ್ಲ.

ತೊಗಲುಗೊಂಬೆಗಳದ್ದು ಋತುವಿನ ಕಥೆ. ಚಿತ್ರಕಲಾ ಪರಿಷತ್ತಿನಲ್ಲಿರುವಂಥ ಹಳೆಯ ಗೊಂಬೆಗಳನ್ನು ನೋಡಿದ್ದೀರಿ. ತೊಗಲು ಮಳೆಗಾಲದಲ್ಲಿ ತೇವ ಕುಡಿದು ಹಿಗ್ಗುತ್ತದೆ, ಮಾರ್ಚಿನ ಒಣಹವೆಗೆ ಮುದುಡುತ್ತದೆ. ಒಂದು ಸಲ ಆಗಸ್ಟಿನಲ್ಲಿ, ಇನ್ನೊಂದು ಸಲ ಮಾರ್ಚಿನಲ್ಲಿ ಅಳೆದು "ಡೊಂಕಾಗಿದೆ" ಎಂದರೆ, ಅದು ಪ್ರತಿ ವರ್ಷ ಆಗುವ ಉಸಿರಾಟ. ಅದೇ ತಿಂಗಳು, ಅದೇ ತೇವಾಂಶದ ಹೊತ್ತು ನೋಡಿ ಹೋಗಬೇಕು. ಕಲ್ಲಿಗೂ ಇದು ಅನ್ವಯಿಸುತ್ತದೆ. ಮಳೆ ಬಂದ ಮರುದಿನದ ಕಲ್ಲು ಕಪ್ಪಗಿರುತ್ತದೆ.

ಕ್ಯಾಮೆರಾಕ್ಕೆ ಕಾಣದ್ದೂ ಬಹಳ ಇದೆ. ಗೋಡೆಯ ಒಳಗಿನ ಉಪ್ಪು ತೇವದೊಡನೆ ಕರಗಿ, ಒಣಗಿದಾಗ ಹರಳುಗಟ್ಟಿ, ಒಳಗಿನಿಂದಲೇ ಗಾರೆಯನ್ನು ಒಡೆಯುತ್ತದೆ. ಮೇಲೆ ಬಿಳಿಯಾಗಿ ಕಾಣಿಸಿಕೊಂಡಾಗ ಒಳಗೆ ಬೇಕಾದಷ್ಟು ನಡೆದುಹೋಗಿರುತ್ತದೆ. ಗೋಡೆ ಬಿಟ್ಟುಕೊಂಡ ಗಾರೆ ಬಿಸಿಲಿಗೆ ಬೇಗ ಕಾಯುತ್ತದೆ, ಸಂಜೆ ಬೇಗ ಆರುತ್ತದೆ. ಶಾಖ ನೋಡುವ ಕ್ಯಾಮೆರಾ ಅದನ್ನು ಹಿಡಿಯಬಲ್ಲದು. ಅನುಭವಿ ಸಂರಕ್ಷಕರು ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿ ಸದ್ದಿನಲ್ಲೇ ಹೇಳುತ್ತಾರೆ. ಎರಡೂ ಇರಲಿ. ಲೇಸರ್ ಹೊಲೊಗ್ರಾಮ್ ಬಳಸಿ ಸೂಕ್ಷ್ಮ ಚಲನೆ ಹಿಡಿಯುವ ದಾರಿಯೂ ಉಂಟು. 1972ರಲ್ಲಿ ಜಾನ್ ಆಸ್ಮಸ್ ಎಂಬ ವಿಜ್ಞಾನಿ ವೆನಿಸ್‌ಗೆ ಹೋದದ್ದು ಹಾಳಾಗುತ್ತಿದ್ದ ಶಿಲ್ಪಗಳ ಹೊಲೊಗ್ರಾಮ್ ತೆಗೆಯಲು. ಅಲ್ಲಿ ಲೇಸರನ್ನು ಕಲ್ಲಿನ ಕಪ್ಪು ಕಿಟ್ಟದ ಮೇಲೆ ಬಿಟ್ಟು ನೋಡಿದಾಗ ಕಿಟ್ಟ ಹಾರಿಹೋಗಿ ಕಲ್ಲು ಉಳಿಯಿತು. ಲೇಸರ್ ಶುಚಿಗೊಳಿಸುವಿಕೆ ಬೆಳೆದದ್ದು ಅಲ್ಲಿಂದ. ಚಿತ್ರ ತೆಗೆಯಲು ಹೋದವರು ತೊಳೆಯುವುದನ್ನು ಕಲಿತುಬಂದರು.

ಈಗ ನನ್ನ ದೂರು. ಸಂಸ್ಥೆಯೊಂದು, ಹೆಸರು ಬೇಡ, ತನ್ನ ಶಿಲ್ಪಗಳ ಮೂರು ಆಯಾಮದ ಸ್ಕ್ಯಾನ್ ಮಾಡಿಸಿತ್ತು. ಕೆಲವು ವರ್ಷಗಳ ನಂತರ ಹೋಲಿಕೆಗೆ ಹಳೆಯ ದತ್ತಾಂಶ ಕೇಳಿದೆವು. ಕೊಟ್ಟದ್ದು ಸಂಗೀತದೊಂದಿಗೆ ತಿರುಗುವ ಒಂದು ವಿಡಿಯೋ. ಮೂಲ ಫೋಟೋಗಳಿಲ್ಲ, ಅಳತೆಯ ಮಾನವಿಲ್ಲ, ಯಾವ ಲೆನ್ಸ್ ಎಂಬ ಟಿಪ್ಪಣಿಯಿಲ್ಲ. ಗುತ್ತಿಗೆಯ ಕರಾರಿನಲ್ಲಿ ಕೇಳಿರಲಿಲ್ಲ, ಗುತ್ತಿಗೆದಾರರು ಕೊಟ್ಟಿರಲಿಲ್ಲ. ನೋಡಲು ಬಲು ಚೆಂದವಾಗಿತ್ತು. ಮೂಲ ಚಿತ್ರ, ಅಳತೆಪಟ್ಟಿ, ಟಿಪ್ಪಣಿ ಈ ಮೂರು ಇಲ್ಲದ ಸ್ಕ್ಯಾನಿಗೆ ಹಣ ಪಾವತಿಸಬಾರದು ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿದ್ದರೆ ಸಾಕಿತ್ತು.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಪೂಜೆ ನಡೆಯುವ ಕಲ್ಲಿಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಬೇಕೇ ಎಂದು ಒಬ್ಬರು ಕೇಳಿದರು. ಹಾಗೆ ಹೇಳುವ ಅಧಿಕಾರ ನನಗಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಪೂಜೆಯಿಂದಲೇ ಎಷ್ಟೋ ಕಲ್ಲು ಪಾಯಕ್ಕೆ ಹೋಗದೆ ಉಳಿದಿದೆ. ಅರ್ಚಕರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು: ಎನಾಮೆಲ್ ಪೇಂಟ್ ಬೇಡ, ಆಸಿಡ್ ಹಾಕಿ ತೊಳೆಯುವುದು ಬೇಡ, ಅಕ್ಷರವಿರುವ ಕಡೆ ದೀಪ ಒರಗಿಸುವುದು ಬೇಡ. ಚಿತ್ರ ತೆಗೆಯುವ ದಿನ ಎಣ್ಣೆ ಹಚ್ಚಿದ್ದರೆ ಹಚ್ಚಿದೆ ಎಂದು ಬರೆದುಕೊಳ್ಳುತ್ತೇವೆ, ಮುಂದಿನ ಸಲ ಹಚ್ಚುವ ಮೊದಲೇ ಹೋಗುತ್ತೇವೆ.

ಮನೆಯಲ್ಲಿ ತಾಳೆಗರಿ ಕಟ್ಟುಗಳಿವೆ, ಅಕ್ಷರ ಕಾಣುತ್ತಿಲ್ಲ ಎಂದರು ಮತ್ತೊಬ್ಬರು. ಗರಿಯಲ್ಲಿ ಕಂಟದಿಂದ, ಅಂದರೆ ಕಬ್ಬಿಣದ ಲೇಖನಿಯಿಂದ, ಕೊರೆದು, ದೀಪದ ಕಾಡಿಗೆ ಉಜ್ಜಿದ ಅಕ್ಷರ ಅದು. ಕಾಡಿಗೆ ಎಂದರೆ ಇಂಗಾಲ. ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲೂ ಅದು ಕಪ್ಪಾಗಿಯೇ ಉಳಿಯುತ್ತದೆ, ಗರಿಯ ಕಂದು ಕರೆಗಳು ತಿಳಿಯಾಗುತ್ತವೆ. ಆದ್ದರಿಂದ ಅವಕೆಂಪು ಚಿತ್ರದಲ್ಲಿ ಮಾಯವಾದ ಸಾಲು ಮರಳಿ ಕಾಣುವ ಸಂಭವ ಚೆನ್ನಾಗಿದೆ. ಅಲ್ಲಿಯವರೆಗೆ ಎಣ್ಣೆ, ಕರ್ಪೂರ, ಇಂಟರ್ನೆಟ್ಟಿನ ಸಲಹೆ ಯಾವುದನ್ನೂ ಗರಿಗೆ ಹಚ್ಚಬೇಡಿ.

ಕೊನೆಯದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. "ಸರ್, ನನ್ನ ಬಳಿ ಮೊಬೈಲ್ ಮಾತ್ರ ಇದೆ. ನಾನು ತೆಗೆದದ್ದು ಪ್ರಯೋಜನಕ್ಕೆ ಬರುತ್ತದೆಯೇ?" ಬರುತ್ತದಮ್ಮ, ಆದರೆ ಮೊಬೈಲ್ ಚಿತ್ರವನ್ನು ತನಗೆ ತೋಚಿದಂತೆ ತಿದ್ದುತ್ತದೆ ಎಂಬುದು ನೆನಪಿರಲಿ. ಅದು ನೆರಳನ್ನು ತಿಳಿಮಾಡುತ್ತದೆ, ಒರಟನ್ನು ನಯಮಾಡುತ್ತದೆ, ಇಲ್ಲದ ಗೆರೆಯನ್ನು ಚೂಪುಮಾಡುತ್ತದೆ. ನಿನ್ನ ಫೋನಿನಲ್ಲಿ ಚಿತ್ರವನ್ನು ತಿದ್ದದೆ ಉಳಿಸುವ ರಾ (RAW) ಎಂಬ ಆಯ್ಕೆ ಇದ್ದರೆ ಅದರಲ್ಲಿ ತೆಗೆ. ಕಲ್ಲಿಗೆ ತಾಗಿಸದಂತೆ ಪಕ್ಕದಲ್ಲಿ ಒಂದು ಸ್ಕೇಲ್ ಇಡು. ಎಲ್ಲಿ ನಿಂತೆ ಎಂಬುದು ತಿಳಿಯಲು ದೂರದಿಂದಲೂ ಒಂದು ತೆಗೆ. ಸಮಯ, ಬಿಸಿಲೋ ಮೋಡವೋ, ಹಿಂದಿನ ದಿನ ಮಳೆ ಬಂದಿತ್ತೋ, ಬರೆದಿಡು. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದನ್ನು ಮೂಲವೆಂದು ಇಟ್ಟುಕೊಳ್ಳಬೇಡ, ಅದು ಚಿತ್ರವನ್ನು ಹಿಂಡಿರುತ್ತದೆ. ಕಡತದ ಹೆಸರನ್ನು ಇಸವಿಯಿಂದ ಆರಂಭಿಸು, ಆಮೇಲೆ ತಿಂಗಳು, ಆಮೇಲೆ ದಿನ. ಹಾಗಿದ್ದರೆ ಮುಂದಿನ ವರ್ಷ ತೆಗೆದದ್ದು ಅದರ ಕೆಳಗೆ ತಾನಾಗಿ ಬಂದು ಕೂರುತ್ತದೆ.